ಎಷ್ಟನೆಯ ಗಂಟೆ?
ಲುಡ್ವಿಕ್ ಜಾಮೆನ್‌ಹಾಫ್ ಎಂಬಾತನಿಗೆ ಎರಡು ಹುಟ್ಟುಹಬ್ಬಗಳಿದ್ದುವು. 1859ನೆಯ ಇಸವಿಯ ಡಿಸೆಂಬರ್ 3ರಂದು ಆತ ಜನಿಸಿದನೆಂದು ರಷ್ಯನ್ ಸಾಮ್ರಾಜ್ಯದ ಲೆಕ್ಕ. ಅದೇ ದಿನವನ್ನು ಪಶ್ಚಿಮ ಯೂರೋಪು ಡಿಸೆಂಬರ್ 15 ಎಂದು ಬರೆಯುತ್ತಿತ್ತು. ರಷ್ಯಾ ದೇಶವು ಹಳೆಯ ಜೂಲಿಯನ್ ಪಂಚಾಂಗವನ್ನು 1918ರವರೆಗೂ ಬಿಟ್ಟಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಎರಡು ಎಣಿಕೆಗಳ ನಡುವೆ ಹನ್ನೆರಡು ದಿನಗಳ ಅಂತರವಿತ್ತು. ವಾರ್ಸಾದಲ್ಲಿ ಕಣ್ಣಿನ ವೈದ್ಯನಾಗಿದ್ದ ಈತ ‘ಡಾಕ್ಟರ್ ಎಸ್ಪೆರಾಂತೊ’ ಎಂಬ ಗುಪ್ತನಾಮದಿಂದ ತನ್ನ ಹೊಸ ಭಾಷೆಯ ಮೊದಲ ಪುಸ್ತಕವನ್ನು ಹೊರತಂದುದೂ ಹಾಗೆಯೇ: ಅಲ್ಲಿ 1887ರ ಜುಲೈ 14, ಬೇರೆಡೆ ಜುಲೈ 26. ಜಗತ್ತಿಗೆಲ್ಲ ಒಂದೇ ನುಡಿಯನ್ನು ಕೊಡಹೊರಟವನ ಊರಿನಲ್ಲಿ ಇಂದಿನ ತಾರೀಕೇ ಒಂದಾಗಿರಲಿಲ್ಲ.

ಆತ ಹುಟ್ಟಿ ಬೆಳೆದ ಬಿಯಾಲಿಸ್ಟೋಕ್ ಪಟ್ಟಣದಲ್ಲಿ ರಷ್ಯನ್ನರು, ಪೋಲರು, ಜರ್ಮನರು, ಯೆಹೂದ್ಯರು ಒಟ್ಟಿಗೆ ವಾಸವಾಗಿದ್ದರು. ಒಟ್ಟಿಗೆ ಎಂಬುದಕ್ಕಿಂತ ಅಕ್ಕಪಕ್ಕದಲ್ಲಿ ಎಂಬುದೇ ಸರಿ. ಅವರ ಜಗಳಗಳಿಗೆ ಭಾಷಾಭೇದವೇ ಮೂಲವೆಂದು ಬಾಲಕ ಜಾಮೆನ್‌ಹಾಫನಿಗೆ ತೋರಿತು. ವಾರದ ದಿನಗಳನ್ನೇ ನೋಡಬಹುದು. ಪೋಲಿಷ್ ಮತ್ತು ರಷ್ಯನ್ ನುಡಿಗಳಲ್ಲಿ ಮಂಗಳವಾರಕ್ಕೆ ‘ಎರಡನೆಯದು’ ಎಂಬರ್ಥದ ಹೆಸರು. ಹೀಬ್ರೂ ಭಾಷೆಯಲ್ಲಿ ‘ಎರಡನೆಯ ದಿನ’ವೆಂದರೆ ಸೋಮವಾರ, ಅಲ್ಲಿ ವಾರ ಆರಂಭವಾಗುವುದು ಭಾನುವಾರದಿಂದ. ಸಾಲದುದಕ್ಕೆ, ಮಂಗಳವಾರವನ್ನು ಎರಡನೆಯದೆನ್ನುವ ಪೋಲಿಷ್ ಭಾಷೆಯೇ ಬುಧವಾರವನ್ನು ‘ನಡುವಿನದು’ ಎನ್ನುತ್ತದೆ! ಸೋಮವಾರದಿಂದ ಎಣಿಸಿದರೆ ಏಳರ ನಡುವೆ ಬರುವುದು ಗುರುವಾರ ತಾನೆ? ಇಂತಹ ಸಂತೆಯಲ್ಲಿ ‘ಎರಡನೆಯ ದಿನ ಸಾಲ ತೀರಿಸುತ್ತೇನೆ’ ಎಂದವನ ಮಾತಿಗೆ ಎಷ್ಟು ಬೆಲೆ ಕಟ್ಟಬೇಕು?

ಕೃತಕ ಭಾಷೆಯೊಂದನ್ನು ಕಟ್ಟುವವನಿಗೆ ಮೊದಲು ಹೊಳೆಯುವ ಉಪಾಯ ಸಂಖ್ಯೆಯದು. ಜರ್ಮನ್ ಪಾದ್ರಿ ಯೋಹಾನ್ ಮಾರ್ಟಿನ್ ಶ್ಲೈಯರ್ ಎಸ್ಪೆರಾಂತೊವಿಗೆ ಏಳೆಂಟು ವರ್ಷ ಮೊದಲೇ ರಚಿಸಿದ ವೋಲಾಪ್ಯೂಕ್ ಭಾಷೆಯಲ್ಲಿ ಆ ದಾರಿಯನ್ನೇ ಹಿಡಿದ. ‘ಬಾಲ್’ ಎಂದರೆ ಒಂದು, ‘ತೆಲ್’ ಎಂದರೆ ಎರಡು. ಆದ್ದರಿಂದ ಜನವರಿ ‘ಬಾಲುಲ್’, ಫೆಬ್ರವರಿ ‘ತೆಲುಲ್’. ತರ್ಕಕ್ಕೆ ಇದು ಒಪ್ಪುವಂಥದೇ. ಆದರೆ ಯಾವ ದೇಶದವನಿಗೂ ಆ ಹೆಸರುಗಳನ್ನು ಕೇಳಿದ ಕೂಡಲೇ ತಿಂಗಳು ನೆನಪಿಗೆ ಬರುವುದಿಲ್ಲ. ಪ್ರತಿಸಲವೂ ಬೆರಳು ಮಡಚಬೇಕು.

ಜಾಮೆನ್‌ಹಾಫ್ ತರ್ಕಕ್ಕಿಂತ ಪರಿಚಯವನ್ನು ನಚ್ಚಿದ. ‘ಯನುವಾರೊ’, ‘ಫೆಬ್ರುವಾರೊ’, ‘ಮಾರ್ತೊ’ ಎಂಬ ಆತನ ತಿಂಗಳುಗಳನ್ನು ಯಾರೂ ಹೊಸದಾಗಿ ಕಲಿಯಬೇಕಾಗಿಲ್ಲ. ಇದರಿಂದ ಒಂದು ಹಳೆಯ ವಿಪರೀತವೂ ಬೆನ್ನುಹತ್ತಿ ಬಂದಿತು. ಎಸ್ಪೆರಾಂತೊವಿನಲ್ಲಿ ‘ಸೆಪ್’ ಎಂದರೆ ಏಳು, ‘ಓಕ್’ ಎಂದರೆ ಎಂಟು. ‘ಸೆಪ್ತೆಂಬ್ರೊ’ವಾದರೋ ಒಂಬತ್ತನೆಯ ತಿಂಗಳು, ‘ಓಕ್ತೋಬ್ರೊ’ ಹತ್ತನೆಯದು. ರೋಮನರ ಆ ತಪ್ಪನ್ನು ಆತ ತಿದ್ದಹೋಗಲಿಲ್ಲ, ತಿದ್ದದಿದ್ದುದೇ ಜಾಣತನ.

ವಾರದ ಹೆಸರುಗಳು ಕನ್ನಡಿಗರಿಗೆ ಬಹು ಸುಲಭ. ಫ್ರೆಂಚ್ ನುಡಿಯಿಂದ ಬಂದ ‘ಲುಂದೊ’ ಚಂದ್ರನ ದಿನ, ‘ಮಾರ್ದೊ’ ಮಂಗಳನ ದಿನ, ‘ಮೆರ್ಕ್ರೇದೊ’ ಬುಧನ ದಿನ, ‘ಜಾವ್ದೊ’ ಗುರುವಿನ ದಿನ, ‘ವೆಂದ್ರೇದೊ’ ಶುಕ್ರನ ದಿನ. ಇಂಗ್ಲಿಷಿನಲ್ಲಿ ಉತ್ತರ ಯೂರೋಪಿನ ಹಳೆಯ ದೇವತೆಗಳ ಹಿಂದೆ ಅಡಗಿರುವ ಗ್ರಹಗಳು ಇಲ್ಲಿ ನಮ್ಮ ಕ್ರಮದಲ್ಲಿಯೇ ಸಾಲುಗೊಂಡಿವೆ. ಶನಿಯನ್ನು ಮಾತ್ರ ಯೆಹೂದ್ಯರ ಸಬ್ಬತ್ತು ಹೊರದೂಡಿ ‘ಸಬಾತೊ’ ಆಗಿದೆ; ರವಿಯ ಸ್ಥಾನದಲ್ಲಿ ಕ್ರೈಸ್ತರ ‘ಪ್ರಭುವಿನ ದಿನ’ ‘ದಿಮಾಂಚೊ’ ಕುಳಿತಿದೆ.

ಇನ್ನು ಗಡಿಯಾರದ ಮಾತು. “ಕಿಓಮಾ ಹೋರೊ ಎಸ್ತಾಸ್?” ಎಂದು ಎಸ್ಪೆರಾಂತೊ ಕೇಳುತ್ತದೆ. ಈ ‘ಕಿಓಮಾ’ವನ್ನು ಇಂಗ್ಲಿಷಿಗೆ ಒಂದು ಮಾತಿನಲ್ಲಿ ತಿರುಗಿಸಲಾಗದು, ಕನ್ನಡದಲ್ಲಿ ಸಲೀಸು: ‘ಎಷ್ಟನೆಯ’. ಎಷ್ಟನೆಯ ಗಂಟೆ? ‘ಲಾ ತ್ರಿಆ’, ಮೂರನೆಯದು. ‘ಹೋರೊ’ ಎಂಬ ಶಬ್ದವೂ ಪರಕೀಯವಲ್ಲ. ನಮ್ಮ ಜ್ಯೋತಿಷಿಗಳ ‘ಹೋರಾ’ ಗ್ರೀಕರಿಂದ ಬಂದುದೆಂದು ವಿದ್ವಾಂಸರ ಮತ. ಲ್ಯಾಟಿನ್ನಿನ ಮೂಲಕ ಅದೇ ಶಬ್ದ ಎಸ್ಪೆರಾಂತೊವನ್ನೂ ಸೇರಿತು. ‘ಅಹೋರಾತ್ರ’ದ ಮೊದಲಕ್ಷರವನ್ನೂ ಕೊನೆಯಕ್ಷರವನ್ನೂ ತೆಗೆದರೆ ‘ಹೋರಾ’ ಉಳಿಯುತ್ತದೆಂದು ಕೆಲವರ ಅಭಿಪ್ರಾಯವಿರುವುದನ್ನು ವರಾಹಮಿಹಿರ ಹೇಳಿದ್ದಾನೆ. ವಿಚಿತ್ರವೆಂದರೆ, ಆ ಅಹೋರಾತ್ರವೂ ಎಸ್ಪೆರಾಂತೊವಿನಲ್ಲಿ ಉಂಟು! ಹಗಲಿಗೆ ‘ತಾಗೊ’, ಇರುಳಿಗೆ ‘ನೋಕ್ತೊ’. ಇಪ್ಪತ್ತನಾಲ್ಕು ಗಂಟೆಗಳ ಪೂರ್ಣ ದಿನವೆಂದು ಒತ್ತಿ ಹೇಳಬೇಕಾದಾಗ ‘ತಾಗ್ನೋಕ್ತೊ’.

ಅರ್ಧ ಗಂಟೆಯ ವಿಷಯದಲ್ಲಿ ಎಚ್ಚರ ಅಗತ್ಯ. ಜರ್ಮನರು ‘ಅರ್ಧ ನಾಲ್ಕು’ ಎಂದರೆ ಮೂರೂವರೆ. ನಾಲ್ಕನೆಯ ಗಂಟೆಯಲ್ಲಿ ಅರ್ಧ ಸಂದಿತೆಂಬ ಭಾವ. ರಷ್ಯನ್ನರ ಹಾಗೂ ಪೋಲರ ರೂಢಿಯೂ ಹೆಚ್ಚುಕಡಮೆ ಅದೇ. ಅರಿಯದ ಪರದೇಶಿ ನಾಲ್ಕೂವರೆಗೆ ನಿಲ್ದಾಣಕ್ಕೆ ಬಂದರೆ ರೈಲು ಹೊರಟು ಒಂದು ಗಂಟೆ ಕಳೆದಿರುತ್ತದೆ. ಎಸ್ಪೆರಾಂತೊವಿನಲ್ಲಿ ‘ಲಾ ತ್ರಿಆ ಕಾಯ್ ದುಓನೊ’, ಮೂರನೆಯದು ಮತ್ತು ಅರ್ಧ. ನಮ್ಮ ‘ಮೂರೂವರೆ’ಯ ಹಾಗೆಯೇ ಕೂಡುವ ಲೆಕ್ಕ.

‘ಮೂರು ಗಂಟೆಗೆ’ ಎಂಬಲ್ಲಿನ ‘ಗೆ’ಯನ್ನು ಹೇಗೆ ಹೇಳುವುದು? ಪ್ರತಿಯೊಂದು ಭಾಷೆಯೂ ಇಲ್ಲಿ ತನ್ನದೇ ಹಟ ಹಿಡಿಯುತ್ತದೆ. ಜಾಮೆನ್‌ಹಾಫನ ಹದಿನಾರು ನಿಯಮಗಳಲ್ಲಿ ಹದಿನಾಲ್ಕನೆಯದು ಇದಕ್ಕೊಂದು ಸೊಗಸಾದ ಪರಿಹಾರ ಕೊಡುತ್ತದೆ. ಖಚಿತವಾದ ಅರ್ಥವೇ ಇಲ್ಲದ ‘ಯೆ’ ಎಂಬ ಒಂದು ಅವ್ಯಯವನ್ನು ಆತ ಸೃಷ್ಟಿಸಿದ; ಬೇರಾವುದೂ ಹೊಂದದಿದ್ದರೆ ಅದನ್ನು ಹಾಕಬಹುದು. ‘ಯೆ ಲಾ ತ್ರಿಆ’ ಎಂದರೆ ಮೂರು ಗಂಟೆಗೆ. ಅದನ್ನೂ ಬಿಟ್ಟು ಶಬ್ದದ ತುದಿಗೆ ‘ನ್’ ಪ್ರತ್ಯಯ ಸೇರಿಸಿದರೂ ಸರಿಯೆ. ತಾರೀಕಿಗೆ ಈ ಕ್ರಮವೇ ರೂಢಿ. ‘ಲಾ ದೆಕ್‌ಕ್ವಿನಾ’ ಹದಿನೈದನೆಯ ತಾರೀಕು, ‘ಲಾ ದೆಕ್‌ಕ್ವಿನಾನ್’ ಹದಿನೈದನೆಯ ತಾರೀಕಿನಂದು. ‘ದಿಮಾಂಚೊನ್’ ಎಂದರೆ ಒಂದು ಗೊತ್ತಾದ ಭಾನುವಾರದಂದು, ‘ದಿಮಾಂಚೆ’ ಎಂದರೆ ಭಾನುವಾರ ಭಾನುವಾರ. ಪಾಠ ಹೇಳುವ ಮೇಷ್ಟರು ಯಾವುದನ್ನು ಬರೆದರೆಂಬುದರ ಮೇಲೆ ಶಿಷ್ಯನ ಎಷ್ಟು ರಜಾದಿನಗಳು ನಿಂತಿವೆ!

ಕ್ರಿಯಾಪದಗಳಲ್ಲಿ ಕಾಲವು ಒಂದೊಂದು ಸ್ವರದಲ್ಲಿದೆ: ‘ಎಸ್ತಾಸ್’ ಇದೆ, ‘ಎಸ್ತಿಸ್’ ಇತ್ತು, ‘ಎಸ್ತೋಸ್’ ಇರುವುದು. ಅವೇ ಸ್ವರಗಳು ನಾಮಪದಗಳಿಗೂ ಇಳಿಯುತ್ತವೆ. ‘ಎಸ್ಪೆರಾಂತೊ’ ಎಂದರೆ ಆಶಿಸುತ್ತಿರುವವನು. ‘ಎಸ್ಪೆರಿಂತೊ’ ಒಂದು ಕಾಲದಲ್ಲಿ ಆಶಿಸಿದ್ದವನು. ‘ಎಸ್ಪೆರೋಂತೊ’ ಮುಂದೆ ಆಶಿಸಲಿರುವವನು. ಗುಪ್ತನಾಮಕ್ಕೆ ವೈದ್ಯ ಆರಿಸಿದುದು ಮೊದಲನೆಯದನ್ನು. ಆತ 1917ರ ಏಪ್ರಿಲ್ 14ರಂದು, ಮಹಾಯುದ್ಧದ ನಡುವೆ, ವಾರ್ಸಾದಲ್ಲಿ ತೀರಿಕೊಂಡ.

ಇಷ್ಟೆಲ್ಲ ನೆಂಟಸ್ತಿಕೆಯಿದ್ದರೂ ಕನ್ನಡಿಗನನ್ನು ಎಡವಿಸುವ ಮಾತೊಂದಿದೆ. ‘ಅಂತಾವ್’ ಎಂದರೆ ಎದುರಿನಲ್ಲಿ, ಮುಂದೆ. ‘ಅಂತಾವ್ ಲಾ ದೋಮೊ’ ಮನೆಯ ಮುಂದೆ. ಆದರೆ ‘ಅಂತಾವ್ ತ್ರಿ ತಾಗೊಯ್’ ಎಂದರೆ ಮೂರು ದಿನಗಳ ಮುಂದೆ ಅಲ್ಲ, ಮೂರು ದಿನಗಳ ಹಿಂದೆ! ನಮಗೆ ಕಳೆದುದು ಬೆನ್ನ ಹಿಂದಿದೆ. ಅಲ್ಲಿ ಅದು ಕಣ್ಣೆದುರಿಗಿದೆ. ನಮ್ಮದು ಮಾತ್ರ ನೇರವೆಂದು ಬೀಗುವ ಹಾಗೂ ಇಲ್ಲ: ಹಬ್ಬದ ‘ಮುನ್ನಾದಿನ’ವೆಂದು ಕನ್ನಡಿಗರು ಕರೆಯುವುದು ಅದಕ್ಕೆ ಹಿಂದಿನ ದಿನವನ್ನೇ.