ಗಾಂಧಿ ಬಜಾರಿನಿಂದ ಪುರಭವನಕ್ಕೆ: ಇಬ್ಬರು ನಡೆವ ದಾರಿ

ಬೆಂಗಳೂರನ್ನು ಕಾಲ್ನಡಿಗೆಯಲ್ಲೇ ನೋಡಬೇಕೆನ್ನುವವರಿಗೆ ನಾನು ಹೇಳುವ ದಾರಿ ಒಂದಿದೆ. ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೊರಟು ನ್ಯಾಷನಲ್ ಕಾಲೇಜು, ಸಜ್ಜನ್ ರಾವ್ ವೃತ್ತ, ಮಿನರ್ವ ವೃತ್ತ ದಾಟಿ, ಜೆ.ಸಿ. ರಸ್ತೆ ಹಿಡಿದು ಪುರಭವನ ಮುಟ್ಟುವ ದಾರಿ. ಸುಮ್ಮನೆ ನಡೆದರೆ ಒಂದು ಗಂಟೆ ಸಾಕು. ತಿಂದು, ಪುಸ್ತಕ ತಿರುವಿ, ಹೂವು ಕೊಂಡು, ಕೊನೆಗೊಂದು ನಾಟಕವನ್ನೂ ನೋಡುವುದಾದರೆ ಶನಿವಾರದ ಮಧ್ಯಾಹ್ನ ಮೂರಕ್ಕೇ ಮನೆ ಬಿಡಬೇಕು.

ನಾನು ಗೇ. ಸಂಗಾತಿಯೊಂದಿಗೆ ಇದೇ ಬಡಾವಣೆಗಳ ಆಸುಪಾಸಿನಲ್ಲಿ ಬಾಳುವವನು. ಸಲಿಂಗಿಗಳ ಬೆಂಗಳೂರು ಎಂದೊಡನೆ ಹಲವರಿಗೆ ನೆನಪಾಗುವುದು ಪಬ್ಬು, ಪಾರ್ಟಿ, ಕತ್ತಲಾದ ಮೇಲಿನ ಪಾರ್ಕು. ಅವೂ ನಮ್ಮವೇ. ಕಬ್ಬನ್ ಪಾರ್ಕಿನ ಬೆಂಚುಗಳಲ್ಲಿ, ಮೆಜೆಸ್ಟಿಕ್ಕಿನ ಜನಜಂಗುಳಿಯಲ್ಲಿ ಒಬ್ಬರನ್ನೊಬ್ಬರು ಗುರುತಿಸಿಕೊಂಡ ಹಿರಿಯರಿಗೆ ಬೇರೆ ನೆಲೆ ಇರಲಿಲ್ಲ. ಆ ಜಾಗಗಳ ಋಣ ನಮ್ಮ ಮೇಲೆ ದೊಡ್ಡದಿದೆ. ಆದರೆ ದಿನನಿತ್ಯದ ಬದುಕು ಸಾಗುವುದು ತರಕಾರಿ ಅಂಗಡಿಯಲ್ಲಿ, ದರ್ಶಿನಿಯಲ್ಲಿ, ಬಸ್ ಸ್ಟಾಪಿನಲ್ಲಿ. ಈ ಊರಿನ ಸಣ್ಣಪುಟ್ಟ ಸುಖಗಳಲ್ಲಿ ನಮಗೂ ಪಾಲಿದೆ, ಅದನ್ನು ಇಬ್ಬರಾಗಿ ಅನುಭವಿಸುವ ಹಕ್ಕೂ ಇದೆ. ಈ ದಾರಿಯಲ್ಲಿ ನಡೆದಾಗಲೆಲ್ಲ ಆ ಮಾತು ನನ್ನಲ್ಲಿ ಗಟ್ಟಿಯಾಗುತ್ತದೆ.

ಎರಡು ಮಸಾಲೆ, ಒಂದು ಬೈಟು

ಮೊದಲ ನಿಲ್ದಾಣ ವಿದ್ಯಾರ್ಥಿ ಭವನ. 1943ರಲ್ಲಿ ಶುರುವಾದ ಹೋಟೆಲು. ಶುಕ್ರವಾರ ರಜೆ. ಶನಿವಾರ, ಭಾನುವಾರ ಬಾಗಿಲಲ್ಲಿ ಹೆಸರು ಬರೆಸಿ ಕಾಯಬೇಕು. ಒಳಗೆ ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಪೆನ್ಸಿಲ್ ಚಿತ್ರಗಳು. ಸಪ್ಲೈಯರ್ ಒಬ್ಬರು ಅಂಗೈಯಿಂದ ತೋಳಿನವರೆಗೂ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡು, ಟೇಬಲುಗಳ ಸಂದಿಯಲ್ಲಿ ನುಸುಳಿ ಬರುತ್ತಾರೆ. ಹೆಚ್ಚು ಮಾತಿಲ್ಲ. ಯಾರು ಎಷ್ಟು ಹೇಳಿದ್ದರೆಂಬುದು ಅವರ ತಲೆಯಲ್ಲೇ ಇರುತ್ತದೆ. ದೋಸೆಯ ಹೊರಮೈ ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿದೆ, ಒಳಗೆ ಮೆತ್ತಗಿದೆ. ಮುರಿದರೆ ಬೆರಳಿಗೆ ತುಪ್ಪ ಹತ್ತುತ್ತದೆ. ಹಿಂದೆಯೇ ಚಟ್ನಿಯ ಪಾತ್ರೆ ಬರುತ್ತದೆ. ನೀರಾಗಿರುವ ಆ ಚಟ್ನಿಯನ್ನು ದೋಸೆಯ ಮೇಲೇ ಸುರಿಸಿಕೊಂಡು ತಿನ್ನುವವರೇ ಇಲ್ಲಿ ಹೆಚ್ಚು.

ಇಲ್ಲಿ ಟೇಬಲ್ ಯಾರ ಸ್ವಂತದ್ದೂ ಅಲ್ಲ. ನಮ್ಮಿಬ್ಬರ ಎದುರಿಗೆ ಗೊತ್ತಿಲ್ಲದ ದಂಪತಿ ಬಂದು ಕೂರುತ್ತಾರೆ. ನಾವು ಎರಡು ಮಸಾಲೆ ಮುಗಿಸಿ ಬೈಟು ಕಾಫಿ ಹೇಳುತ್ತೇವೆ. ಅವರೂ ಅದನ್ನೇ ಹೇಳುತ್ತಾರೆ. ನಮ್ಮೂರಿನ ಹೋಟೆಲುಗಳಲ್ಲಿ ಇಬ್ಬರು ಗಂಡಸರು ಅಕ್ಕಪಕ್ಕ ಕೂತು, ಒಂದೇ ತಟ್ಟೆಯ ವಡೆ ಹಂಚಿಕೊಂಡು, ಒಂದು ಕಾಫಿಯನ್ನು ಎರಡು ಮಾಡಿ ಕುಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಗಲ ಮೇಲೆ ಕೈ ಹಾಕಿಕೊಂಡು ಬೀದಿಯಲ್ಲಿ ನಡೆದರೂ ಅಷ್ಟೇ. ನಮ್ಮಂಥವರಿಗೆ ಇದು ಆಸರೆ. ಹುಡುಗ ಹುಡುಗಿ ಕೈ ಹಿಡಿದರೆ ಹುಬ್ಬೇರಿಸುವ ಬೀದಿಯಲ್ಲಿ ನಮಗೆ ಅಷ್ಟರಮಟ್ಟಿಗೆ ಬಿಡುಗಡೆಯಿದೆ. ಆದರೆ ನಾವು ಯಾರೆಂದು ಯಾರ ಕಣ್ಣಿಗೂ ಬೀಳದಿರುವುದು ಇದೇ ಬಿಡುಗಡೆಗೆ ತೆರುವ ಬೆಲೆ. ಎದುರು ಕೂತ ದಂಪತಿ ಗಂಡ-ಹೆಂಡತಿಯೆಂದು ಸಪ್ಲೈಯರಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷಗಟ್ಟಲೆ ಒಂದೇ ಮನೆಯ ಅಡುಗೆ ಉಂಡವರು ನಾವೆಂಬುದು ಮಾತ್ರ ಬಾಯಿಬಿಟ್ಟು ಹೇಳದೆ ತಿಳಿಯುವುದಿಲ್ಲ.

ಅಂಕಿತದ ಕಪಾಟು, ಅಕ್ಕನ ಮಲ್ಲಿಗೆ

ಇದೇ ರಸ್ತೆಯಲ್ಲಿ ಅಂಕಿತ ಪುಸ್ತಕವಿದೆ. ಕನ್ನಡದ ಹೊಸ ಪುಸ್ತಕ ಯಾವುದು ಬಂದಿದೆಯೆಂದು ತಿಳಿಯಲು ಬಸವನಗುಡಿಯವರು ಹೊಗುವ ಅಂಗಡಿ. ಇದರ ಕಪಾಟಿನಲ್ಲಿ ಸಿಗುವ, ಸಲಿಂಗಿಯ ಬದುಕನ್ನು ಹೇಳುವ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನ ಹೊರಬಂದದ್ದು 2013ರಲ್ಲಿ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು, ದೆಹಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿ, ಸಲಿಂಗಕಾಮವನ್ನು ಮತ್ತೆ ಅಪರಾಧವಾಗಿಸಿತು. ಕಾನೂನು ಬಾಗಿಲು ಹಾಕಿದ ಹೊತ್ತಿಗೆ ನಮ್ಮ ಭಾಷೆ ಬಾಗಿಲು ತೆರೆದಿತ್ತು. ಬಾಲ್ಯದ ಅವಮಾನ, ಕೈಗೂಡದ ಪ್ರೀತಿ, ಬಾಡಿಗೆ ಮನೆಯ ಒಂಟಿತನ, ಇವೆಲ್ಲವನ್ನೂ ನಮ್ಮ ಊರುಕೇರಿಯ ಕನ್ನಡದಲ್ಲಿ, ನಮ್ಮದೇ ಅಡುಗೆಮನೆಯ ವಾಸನೆಯೊಂದಿಗೆ ಓದಿದಾಗ ಆಗುವ ಸಮಾಧಾನವನ್ನು ಇಂಗ್ಲಿಷಿನ ಯಾವ ಪುಸ್ತಕವೂ ನನಗೆ ಕೊಟ್ಟಿರಲಿಲ್ಲ. ಟ್ರಾನ್ಸ್ ಮಹಿಳೆ ಎ. ರೇವತಿಯವರ ಆತ್ಮಕತೆ ದು. ಸರಸ್ವತಿಯವರ ಅನುವಾದದಲ್ಲಿ ‘ಬದುಕು ಬಯಲು’ ಆಗಿ ಕನ್ನಡಕ್ಕೆ ಬಂತು. ಮುಂದೆ ಜನಮನದಾಟ ತಂಡ ಅದನ್ನು ನಾಟಕವಾಗಿ ಊರೂರಿಗೆ ಒಯ್ದಿತು. ಈ ಎರಡು ಪುಸ್ತಕಗಳನ್ನು ಓದಿದ ಒಬ್ಬ ಅಪ್ಪ ಅಥವಾ ಅಮ್ಮ ಮನೆಯಲ್ಲಿದ್ದರೂ ಸಾಕು, ಮಗುವಿನ ಅರ್ಧ ಭಯ ಕಳೆಯುತ್ತದೆ.

ಹೊರಗೆ ಹೂವಿನವರು. ಸೇವಂತಿಗೆ, ಕನಕಾಂಬರ, ಮರುಗ, ಬುಟ್ಟಿ ತುಂಬ ಮಲ್ಲಿಗೆ ಮೊಗ್ಗು. ನಾವು ವಾಡಿಕೆಯಾಗಿ ಕೊಳ್ಳುವ ಅಕ್ಕ ಮಾತಾಡುತ್ತಲೇ ಹೂ ಕಟ್ಟುತ್ತಾರೆ. ಎಡಗೈಯಲ್ಲಿ ನಾಲ್ಕು ಮೊಗ್ಗು ಜೋಡಿಸಿ, ಬಾಳೆನಾರನ್ನು ಒಂದು ಸುತ್ತು ತಂದು, ಬೆರಳ ಸಂದಿಯಲ್ಲೇ ಕುಣಿಕೆ ಬಿಗಿಯುತ್ತಾರೆ. ಕಣ್ಣು ಮಾತ್ರ ಗಿರಾಕಿಯ ಮೇಲಿರುತ್ತದೆ. ಮೊಳ ಅಳೆಯುವಾಗ ಮೊಣಕೈಯಿಂದ ಬೆರಳ ತುದಿ ದಾಟಿಸಿ, ಇನ್ನೊಂದು ಗೇಣು ಧಾರಾಳವಾಗಿ ಬಿಟ್ಟೇ ಕತ್ತರಿಸುತ್ತಾರೆ. ನನ್ನ ಸಂಗಾತಿ, ತೀರಿಕೊಂಡ ತನ್ನ ಅಮ್ಮನ ಫೋಟೋಗೆ ಅದನ್ನು ಮುಡಿಸುತ್ತಾನೆ. ಹಿಂದೊಮ್ಮೆ ನಾನೊಬ್ಬನೇ ಹೋದಾಗ ಅಕ್ಕ ಕೇಳಿದರು:

“ಏನಣ್ಣಾ, ಇವತ್ತು ಒಬ್ರೇ? ಆ ಅಣ್ಣಂಗೆ ಉಷಾರಿಲ್ವಾ?”

“ಊರಿಗೆ ಹೋಗಿದಾರೆ ಅಕ್ಕಾ. ಸೋಮವಾರ ಬರ್ತಾರೆ.”

“ಹಂಗಾದ್ರೆ ಸೋಮವಾರ ಇಬ್ರೂ ಬನ್ನಿ, ಒಳ್ಳೇ ಮಲ್ಲಿಗೆ ಎತ್ತಿಟ್ಟಿರ್ತೀನಿ.”

ಅಕ್ಕನಿಗೆ ನಮ್ಮ ಸಂಬಂಧ ಎಷ್ಟು ಅರ್ಥವಾಗಿದೆಯೋ, ನಾನು ಕೇಳಲು ಹೋಗಿಲ್ಲ. ಒಬ್ಬ ಬಂದಾಗ ಇನ್ನೊಬ್ಬ ಎಲ್ಲಿ ಎಂದು ವಿಚಾರಿಸುವವರು ಇದ್ದಾರಲ್ಲ, ಊರೊಂದು ತಮ್ಮದೆನಿಸಲು ಮನುಷ್ಯರಿಗೆ ಬೇಕಾದದ್ದು ಅದು.

ನ್ಯಾಷನಲ್ ಕಾಲೇಜು: ಮುಖವಾಡ ತೊಟ್ಟು ಹೊರಟವರು

ಕೆ.ಆರ್. ರಸ್ತೆಯಲ್ಲಿ ನಡೆದರೆ ನ್ಯಾಷನಲ್ ಕಾಲೇಜು ವೃತ್ತ. ಮೇಲೆ ಫ್ಲೈಓವರು, ಪಕ್ಕದಲ್ಲಿ ಹಸಿರು ಮಾರ್ಗದ ಮೆಟ್ರೊ ನಿಲ್ದಾಣ. 1917ರಲ್ಲಿ ಆರಂಭವಾದ ವಿದ್ಯಾಸಂಸ್ಥೆಯೊಂದರ ಕಾಲೇಜಿದು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು, ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂಬ ಪಾಠವನ್ನು ಈ ಆವರಣದಿಂದ ನಾಡಿಗೆಲ್ಲ ಹಂಚಿದರು.

2008ರ ಜೂನ್ 29ರಂದು ಬೆಂಗಳೂರಿನ ಮೊದಲ ಪ್ರೈಡ್ ಮೆರವಣಿಗೆ ಹೊರಟದ್ದು ಇಲ್ಲಿಂದ. ಅದೇ ದಿನ ದೆಹಲಿ, ಕೋಲ್ಕತ್ತಗಳಲ್ಲೂ ಜನ ಬೀದಿಗಿಳಿದರು. ಸಲಿಂಗಕಾಮವನ್ನು ಅಪರಾಧವೆನ್ನುತ್ತಿದ್ದ ಸೆಕ್ಷನ್ 377 ಆಗಿನ್ನೂ ಜಾರಿಯಲ್ಲಿತ್ತು. ಮನೆಯವರು, ಆಫೀಸಿನವರು ಟಿ.ವಿ.ಯಲ್ಲಿ ನೋಡಿಬಿಟ್ಟರೆ ಎಂಬ ಅಂಜಿಕೆಗೆ ಹಲವರು ಮುಖವಾಡ ತೊಟ್ಟಿದ್ದರು, ಆದರೂ ಬಂದಿದ್ದರು. ಆ ದಿನದ ಹಿಂದೆ ಬಹಳ ವರ್ಷಗಳ ಮೌನ ದುಡಿಮೆಯಿತ್ತು. ‘ಗುಡ್ ಆ್ಯಸ್ ಯು’ ಎಂಬ ಗುಂಪು 1994ರಿಂದ ಈ ಊರಿನ ಸಲಿಂಗಿಗಳನ್ನು ಒಂದೆಡೆ ಕೂರಿಸಿ ಮಾತಾಡಿಸುತ್ತಿತ್ತು. 1999ರಲ್ಲಿ ಹುಟ್ಟಿದ ‘ಸಂಗಮ’ ಬೀದಿಯಲ್ಲಿ ಪೊಲೀಸರ ಲಾಠಿ ತಿನ್ನುತ್ತಿದ್ದ ಹಿಜ್ರಾ ಸಮುದಾಯದ, ಹೆಣ್ಣಿನ ನಡೆನುಡಿಯ ಗಂಡಸರಾದ ಕೋಥಿಗಳ ಪರ ನಿಂತಿತು. ನನ್ನಂತೆ ಇಂಗ್ಲಿಷು, ಸಂಬಳ, ಬಾಡಿಗೆ ಮನೆ ಇರುವವರಿಗೆ ಅಡಗಲು ಜಾಗವಿತ್ತು. ಮೊದಲು ಏಟು ತಿಂದವರು, ಮೊದಲು ಬೀದಿಗೆ ಬಂದವರು ಅಡಗಲು ಜಾಗವೇ ಇಲ್ಲದವರು. ಈ ವೃತ್ತದಲ್ಲಿ ನಿಂತಾಗ ನಾನು ಮೊದಲು ನೆನೆಯುವುದು ಅವರನ್ನು.

ಜನವರಿಯಲ್ಲಿ ಬಂದರೆ ಕಾಲೇಜಿನ ಮೈದಾನದಲ್ಲಿ ಅವರೆಬೇಳೆ ಮೇಳ. ಮೊದಲು ವಿ.ವಿ. ಪುರಂನ ತಿಂಡಿಬೀದಿಯಲ್ಲಿ ನಡೆಯುತ್ತಿತ್ತು, ನೂಕುನುಗ್ಗಲು ಹೆಚ್ಚಿ ಇಲ್ಲಿಗೆ ಬಂತು. ಸೊಗಡಿನ ಅವರೆಯಲ್ಲಿ ದೋಸೆ, ಉಪ್ಪಿಟ್ಟು, ಕೊನೆಗೆ ಜಿಲೇಬಿ ಕೂಡ ಮಾಡುತ್ತಾರೆ.

ತಿಂಡಿಬೀದಿ ಮತ್ತು ಟು-ಲೆಟ್ ಬೋರ್ಡು

ಸಜ್ಜನ್ ರಾವ್ ವೃತ್ತದ ಬಳಿಯ ವಿ.ವಿ. ಪುರಂ ತಿಂಡಿಬೀದಿ ಸಂಜೆಗೆ ಮೈತುಂಬಿಕೊಳ್ಳುತ್ತದೆ. ಮೂಲೆಯಲ್ಲಿ 1953ರಿಂದ ಇರುವ ವಿ.ಬಿ. ಬೇಕರಿ. ಅಲ್ಲಿ ಕಾಂಗ್ರೆಸ್ ಕಡ್ಲೆಕಾಯಿ ಕಟ್ಟಿಸಿಕೊಂಡೇ ಮುಂದೆ ಹೋಗಬೇಕು. ಕಾವಲಿಯಿಂದ ನೇರ ಕೈಗೆ ಬರುವ ಹೋಳಿಗೆ, ಮೇಲೊಂದು ಚಮಚ ತುಪ್ಪ. ಪಕ್ಕದಲ್ಲಿ ಪಡ್ಡು, ಅಕ್ಕಿರೊಟ್ಟಿ, ಬಜ್ಜಿ. ನಿಂತೇ ತಿನ್ನಬೇಕು. ಅಜ್ಜಿಯರು, ಕಾಲೇಜು ಹುಡುಗರು, ಕೂಸನ್ನೆತ್ತಿಕೊಂಡ ಸಂಸಾರಸ್ಥರು, ಎಲ್ಲರೂ ಒಂದೇ ಇಕ್ಕಟ್ಟಿನಲ್ಲಿ ಬಾಯಿ ಸುಟ್ಟುಕೊಳ್ಳುವ ಬೀದಿಯಿದು.

ಅಕ್ಕಪಕ್ಕದ ಅಡ್ಡರಸ್ತೆಗಳಲ್ಲಿ ಹಾದರೆ ಗೇಟುಗಳ ಮೇಲೆ ಟು-ಲೆಟ್ ಬೋರ್ಡು. ಕೆಲವುಗಳಲ್ಲಿ ಫ್ಯಾಮಿಲಿಗೆ ಮಾತ್ರ ಎಂದಿರುತ್ತದೆ. ನಮ್ಮಂಥ ಜೋಡಿಗಳ ಬೆಂಗಳೂರಿನ ಕಥೆ ಅರ್ಧಕ್ಕರ್ಧ ಈ ಬೋರ್ಡುಗಳ ಮುಂದೆಯೇ ನಡೆದಿದೆ. ಕಸಿನ್ ಎಂದು ಹೇಳಿಕೊಂಡವರು, ಇಬ್ಬರಲ್ಲಿ ಒಬ್ಬರೇ ಹೋಗಿ ಕರಾರು ಮಾಡಿಕೊಂಡವರು, ಊರಿಂದ ಅಮ್ಮ ಬಂದಾಗ ಎರಡು ಹಾಸಿಗೆ ಬೇರೆ ಬೇರೆ ಹಾಸಿದವರು. ನಮಗೂ ಒಬ್ಬ ಮನೆ ಮಾಲೀಕರು, ಮುಂಗಡ ಮಾತಾದ ಮೇಲೆ, ಮದುವೆ ಯಾವಾಗ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಮನೆ ಇಲ್ಲವೆಂದರು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ನಮ್ಮ ಪ್ರೀತಿಯ ಮೇಲಿದ್ದ ಅಪರಾಧದ ಮುದ್ರೆ ಅಳಿಸಿತು. 2023ರ ಅಕ್ಟೋಬರ್ 17ರಂದು ಅದೇ ಕೋರ್ಟು ಮದುವೆಯ ಹಕ್ಕು ಕೊಡಲು ಒಪ್ಪಲಿಲ್ಲ. 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಸ್ಪಷ್ಟಪಡಿಸಿತು. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡು ಹೆಸರು ಒಟ್ಟಿಗೆ ಬರಬಹುದು, ಆದರೆ ಮನೆಯ ಬಾಗಿಲಲ್ಲಿ ಆ ಹೆಸರುಗಳನ್ನು ಒಟ್ಟಿಗೆ ಬರೆಸಲು ಈಗಲೂ ಧೈರ್ಯ ಬೇಕು.

ಜೆ.ಸಿ. ರಸ್ತೆ: ಕಲೆ, ಕರಗ

ಹಿಂದೊಮ್ಮೆ ಇದ್ದ ಟಾಕೀಸಿನ ಹೆಸರುಳಿಸಿಕೊಂಡ ಮಿನರ್ವ ವೃತ್ತ ದಾಟಿದರೆ ಜೆ.ಸಿ. ರಸ್ತೆ. ಉದ್ದಕ್ಕೂ ಗಾಡಿಗಳ ಬಿಡಿಭಾಗ, ಸೀಟ್ ಕವರು, ಹಾರ್ನುಗಳ ಅಂಗಡಿ. ಫುಟ್‌ಪಾತಿನಲ್ಲೇ ರಿಪೇರಿ. ಇಲ್ಲಿ ನಿಲ್ಲದೆ ಬೇಗ ದಾಟಿ. ಕೊನೆಯಲ್ಲಿ, 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ. ಹಿಂದುಗಡೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲಿ ಕನ್ನಡ ಭವನ. ಬಾಗಿಲ ಬಳಿ ಹಚ್ಚಿದ ಪೋಸ್ಟರುಗಳನ್ನು ನೋಡಿ, ಏಳು ಗಂಟೆಯ ನಾಟಕಕ್ಕೆ ಟಿಕೆಟ್ ಕೊಂಡು, ಮೆಟ್ಟಿಲ ಮೇಲೆ ಟೀ ಕುಡಿಯುವವರ ನಡುವೆ ಕೂರಬೇಕು. ಇಲ್ಲಿ ಯಕ್ಷಗಾನವಾದ ರಾತ್ರಿಗಳಲ್ಲಿ ಗಂಡಸೊಬ್ಬ ದ್ರೌಪದಿಯಾಗಿ, ಅಂಬೆಯಾಗಿ ಬಂದು ನಿಂತರೆ ಸಭೆ ಉಸಿರು ಹಿಡಿಯುತ್ತದೆ.

ಇಲ್ಲಿಂದ ಅನತಿ ದೂರದ ತಿಗಳರಪೇಟೆಯಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನ. ಚೈತ್ರದ ಹುಣ್ಣಿಮೆಯ ರಾತ್ರಿ ಅರ್ಚಕರು ಸೀರೆ, ಬಳೆ, ಮಾಂಗಲ್ಯ ಧರಿಸಿ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ತಲೆಯ ಮೇಲೆ ಹೊತ್ತು ಹೊರಬರುತ್ತಾರೆ. ಕತ್ತಿ ಹಿಡಿದ ವೀರಕುಮಾರರು ಗೋವಿಂದ ಗೋವಿಂದ ಎನ್ನುತ್ತ ಸುತ್ತುವರಿಯುತ್ತಾರೆ. ಕರಗ ಕಾಟನ್‌ಪೇಟೆಯ ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ಇದು ತಿಗಳ ಸಮುದಾಯದ ವ್ರತ, ಅವರ ನಂಬಿಕೆ. ಅದನ್ನು ನನ್ನದೆಂದು ಎಳೆದುಕೊಳ್ಳುವುದಿಲ್ಲ. ಆದರೆ ಆ ರಾತ್ರಿ ಪೇಟೆಯ ಗಂಡಸರೆಲ್ಲ ಸೀರೆಯುಟ್ಟ ಒಬ್ಬ ಗಂಡಸಿಗೆ ಕೈಮುಗಿದು ನಿಂತದ್ದನ್ನು ನೋಡಿದಾಗ, ನಡಿಗೆ ಸ್ವಲ್ಪ ಬಳುಕಿತೆಂದು ಶಾಲೆಯಲ್ಲಿ ಅಡ್ಡಹೆಸರು ಪಡೆದು ಅತ್ತ ಹುಡುಗರೆಲ್ಲ ನೆನಪಾಗುತ್ತಾರೆ. ವರ್ಷಕ್ಕೊಂದು ರಾತ್ರಿ ಇಷ್ಟು ದೊಡ್ಡ ಮನಸ್ಸು ಮಾಡುವ ಊರು, ಮಿಕ್ಕ ದಿನಗಳಲ್ಲೂ ಅದನ್ನು ಮಾಡಬಲ್ಲದು.

ಪುರಭವನ

ಎತ್ತರದ ಕಂಬಗಳ, ಅಗಲ ಮೆಟ್ಟಿಲುಗಳ ಸರ್ ಪುಟ್ಟಣ್ಣ ಚೆಟ್ಟಿ ಪುರಭವನ 1935ರದು. ರೈತರು, ಕಾರ್ಮಿಕರು, ದಲಿತರು, ಮಹಿಳೆಯರು ತಮ್ಮ ಮಾತನ್ನು ಊರಿಗೆ ಕೇಳಿಸಿದ್ದು ಈ ಮೆಟ್ಟಿಲುಗಳಿಂದ. 2008ರ ಮೆರವಣಿಗೆ ಬಂದು ಸೇರಿದ್ದೂ ಇಲ್ಲಿಗೇ. ಈಗ ಪ್ರತಿಭಟನೆಗಳಿಗೆ ಫ್ರೀಡಂ ಪಾರ್ಕನ್ನು ಗೊತ್ತುಮಾಡಿದ್ದಾರೆ. ನಮ್ಮ ಪ್ರೈಡ್ ಮಾತ್ರ ನಿಂತಿಲ್ಲ, ಸಾಮಾನ್ಯವಾಗಿ ನವೆಂಬರಿನಲ್ಲಿ ನಡೆಯುತ್ತದೆ. ಮುಖವಾಡಗಳು ಬಹಳ ಕಡಿಮೆಯಾಗಿವೆ. ಮಕ್ಕಳ ಜೊತೆ ಹೆಜ್ಜೆ ಹಾಕುವ ಅಪ್ಪ ಅಮ್ಮಂದಿರೂ ಕಾಣುತ್ತಾರೆ.

ವರ್ಷಕ್ಕೊಮ್ಮೆ ನಾವು ಕೂಗಿ ಹೇಳುವುದನ್ನು ಊರು ವರ್ಷವಿಡೀ ನಡೆಸಿಕೊಡಬೇಕು. ಅದಕ್ಕೆ ದೊಡ್ಡ ಕ್ರಾಂತಿ ಬೇಕಿಲ್ಲ. ಮನೆ ಬಾಡಿಗೆಗೆ ಕೊಡುವವರು ಬಾಡಿಗೆ ಸರಿಯಾಗಿ ಬರುತ್ತದೆಯೇ ಎಂದಷ್ಟೇ ವಿಚಾರಿಸಿ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ನಿಂತವನನ್ನು ಮನೆಯವನೆಂದು ಎಣಿಸಿ. ಮಗ ಗೆಳೆಯನನ್ನು ಮನೆಗೆ ಕರೆತಂದರೆ ಊಟಕ್ಕೆ ಎಬ್ಬಿಸಿ. ನಿಮ್ಮ ಮನೆಯ ಗೃಹಪ್ರವೇಶಕ್ಕೆ ನಮ್ಮಂಥವರನ್ನು ಕರೆಯುವಾಗ ಆಹ್ವಾನ ಪತ್ರಿಕೆಯ ಮೇಲೆ ಇಬ್ಬರ ಹೆಸರನ್ನೂ ಬರೆಯಿರಿ. ನಾವು ಜೊತೆಯಾಗಿಯೇ ಬರುತ್ತೇವೆ.