ಶಿಷ್ಯತ್ವ: ಗುರುಗಳಿಗಷ್ಟೇ ಸೀಮಿತವಲ್ಲ

ಕೊಳ್ಳೇಗಾಲ: ಭಾನುವಾರದ ಬಲಿಪೂಜೆಯಲ್ಲಿ ಪಾಲ್ಗೊಂಡು ಮನೆಗೆ ಮರಳಿದರೆ ಕ್ರಿಸ್ತನ ಶಿಷ್ಯತ್ವ ಪೂರ್ಣವಾಗುವುದೇ? ಹನೂರು ತಾಲ್ಲೂಕಿನ ಮಾರ್ಟಳ್ಳಿ ಸೇರಿದಂತೆ ಮೈಸೂರು ಧರ್ಮಪ್ರಾಂತ್ಯದ ಕ್ಯಾಥೊಲಿಕ್ ಭಕ್ತರಿಗೂ ಈ ಪ್ರಶ್ನೆ ಅನ್ವಯಿಸುತ್ತದೆ.

ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರೂ ಧರ್ಮಸಭೆಯ ಸೇವಾಕಾರ್ಯದಲ್ಲಿ ಪಾಲುದಾರರು ಎಂದು 1965ರಲ್ಲಿ ಮುಕ್ತಾಯಗೊಂಡ ಎರಡನೇ ವ್ಯಾಟಿಕನ್ ಮಹಾಸಭೆ ಸಾರಿತು. ಪೋಪ್ ಫ್ರಾನ್ಸಿಸ್ 2021ರಲ್ಲಿ ಆರಂಭಿಸಿದ ಸಿನೋಡ್ ಈ ಚಿಂತನೆಯನ್ನು ಮುಂದುವರಿಸಿತು. ಅದರ 2023ರ ಅಧಿವೇಶನದಲ್ಲಿ ಮಹಿಳೆಯರಿಗೆ ಮೊದಲ ಬಾರಿಗೆ ಮತದಾನದ ಹಕ್ಕು ದೊರೆಯಿತು.

ಪ್ರತಿ ಧರ್ಮಕೇಂದ್ರದಲ್ಲೂ ಪಾಲನಾ ಮಂಡಳಿ ಕಡ್ಡಾಯವಾಗಬೇಕೆಂದು ಸಿನೋಡ್‌ನ 2024ರ ಅಂತಿಮ ದಾಖಲೆ ಒತ್ತಾಯಿಸಿದೆ. ಆದರೆ ಧರ್ಮಸಭೆಯ ಕಾನೂನಿನನ್ವಯ ಈ ಮಂಡಳಿಗೆ ಸಲಹೆ ನೀಡುವ ಅಧಿಕಾರವಷ್ಟೇ ಇದೆ, ತೀರ್ಮಾನ ಧರ್ಮಗುರುವಿನದು. ಆದ್ದರಿಂದ ಆಲಿಸುವ ಗುರು, ಹೊಣೆ ಹೊರುವ ಭಕ್ತ ಇಬ್ಬರೂ ಇಲ್ಲದಿದ್ದರೆ ಮಂಡಳಿ ಹೆಸರಿಗಷ್ಟೇ ಉಳಿದೀತು.