ಕತ್ತೆಯ ಕಾಲು, ಕಸದ ರಾಶಿ, ಒಂದು ಕೂಸು

ಕೃಷ್ಣ ಹುಟ್ಟಿದ ರಾತ್ರಿ ಕತ್ತೆ ಅರಚಿದರೆ ಕಂಸನಿಗೆ ಸುದ್ದಿ ಮುಟ್ಟೀತೆಂದು ವಸುದೇವ ಅದರ ಕಾಲು ಹಿಡಿದು ಬೇಡಿಕೊಂಡನಂತೆ. ಅಜ್ಜಿಯರ ಬಾಯಲ್ಲಿ ಉಳಿದಿರುವ ಈ ಕತೆಯನ್ನು ಹೊಯ್ಸಳ ಶಿಲ್ಪಿಗಳು ಕಲ್ಲಿನಲ್ಲೂ ಕಡೆದಿದ್ದಾರೆ. ದೇವರ ಅಪ್ಪ ಕತ್ತೆಯ ಕಾಲಿಗೆ ಬೀಳುವುದನ್ನು ಕಂಡು ಮಕ್ಕಳು ನಗುತ್ತಾರೆ. ಮಕ್ಕಳನ್ನು ಹೆತ್ತವರು ನಗುತ್ತ ನಗುತ್ತಲೇ ಸುಮ್ಮನಾಗುತ್ತಾರೆ. ಕೂಸು ಉಳಿಯಬೇಕೆಂದರೆ ಅದನ್ನು ಹೊತ್ತವನಿಗೆ ಮಾನ ಅಪಮಾನದ ಲೆಕ್ಕ ಇರುವುದಿಲ್ಲ.

ಜಪಾನಿನ ಸತೋಶಿ ಕೋನ್ ನಿರ್ದೇಶಿಸಿದ ‘ಟೋಕಿಯೊ ಗಾಡ್‌ಫಾದರ್ಸ್’ ನೋಡುವಾಗ ನನಗೆ ನೆನಪಾದದ್ದು ಆ ವಸುದೇವನೇ. 2003ರಲ್ಲಿ ತೆರೆಕಂಡ, 92 ನಿಮಿಷದ ಅನಿಮೇಷನ್ ಚಿತ್ರ ಅದು. ಕ್ರಿಸ್‌ಮಸ್ ಹಿಂದಿನ ರಾತ್ರಿ, ಬೀದಿಯಲ್ಲೇ ಬದುಕುವ ಮೂವರಿಗೆ ಕಸದ ರಾಶಿಯಲ್ಲಿ ಹೆಣ್ಣುಕೂಸೊಂದು ಸಿಗುತ್ತದೆ. ಗಿನ್ ಕುಡುಕ, ತನ್ನ ಹಿಂದಿನ ಬದುಕಿನ ಬಗ್ಗೆ ಸುಳ್ಳು ಹೇಳಿಕೊಂಡು ತಿರುಗುವವನು. ಮಿಯುಕಿ ಪೊಲೀಸ್ ಅಪ್ಪನಿಗೆ ಚಾಕು ಹಾಕಿ ಮನೆಬಿಟ್ಟು ಓಡಿಬಂದ ಹುಡುಗಿ. ಹಾನಾ ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕುತ್ತಿರುವವಳು. ಪೊಲೀಸರಿಗೆ ಒಪ್ಪಿಸೋಣ ಎನ್ನುತ್ತಾನೆ ಗಿನ್. ಹಾನಾ ಒಪ್ಪುವುದಿಲ್ಲ. ಹೆತ್ತವಳನ್ನು ಹುಡುಕಿ, ಯಾಕೆ ಬಿಟ್ಟೆ ಎಂದು ಕೇಳಲೇಬೇಕು ಎಂಬುದು ಅವಳ ಹಟ. ಅಲ್ಲಿಂದ ಹೊಸವರ್ಷದವರೆಗೆ ಹಿಮ ಬೀಳುವ ಊರಲ್ಲಿ ಅವರ ಅಲೆದಾಟ.

ಮರುಭೂಮಿಯಲ್ಲಿ ಮೂವರು ದರೋಡೆಕೋರರಿಗೆ ಕೂಸು ಸಿಗುವ ಹಳೆಯ ಅಮೆರಿಕನ್ ಕತೆಯೊಂದನ್ನು ಜಾನ್ ಫೋರ್ಡ್ 1948ರಲ್ಲಿ ಚಿತ್ರ ಮಾಡಿದ್ದರು. ಕೋನ್‌ಗೆ ಎಳೆ ಸಿಕ್ಕಿದ್ದು ಅಲ್ಲಿ. ಆದರೆ ಅವರು ಆರಿಸಿಕೊಂಡ ಜನ ಬೇರೆ. ಜಪಾನಿನಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರ ಆಸುಪಾಸು. ಅಲ್ಲಿ ಕ್ರಿಸ್‌ಮಸ್ ಎಂದರೆ ಹೆಚ್ಚಿನವರಿಗೆ ಕೇಕು ಮತ್ತು ಬೀದಿದೀಪಗಳ ಹಬ್ಬ. ಆ ದೀಪಗಳ ಕೆಳಗೇ ಮಲಗುವ ಜನರಿದ್ದರು. 2003ರಲ್ಲಿ ಅಲ್ಲಿನ ಸರ್ಕಾರ ನಡೆಸಿದ ಎಣಿಕೆಯಲ್ಲೇ ಮನೆಯಿಲ್ಲದವರು 25 ಸಾವಿರಕ್ಕೂ ಹೆಚ್ಚು. ಬಾಲಯೇಸುವಿನ ನಾಟಕದಿಂದ ಚಿತ್ರ ಶುರುವಾಗುತ್ತದೆ. ನಾಟಕ ನಡೆಯುವುದು ಬಡವರಿಗೆ ಊಟ ಕೊಡುವ ಜಾಗದಲ್ಲಿ. ಹಾನಾ ಮೈಯೆಲ್ಲ ಕಿವಿಯಾಗಿ ಕೂತಿರುತ್ತಾಳೆ, ಗಿನ್‌ಗೆ ಬೇಸರ.

ಚಿತ್ರದ ಜೀವ ಹಾನಾ. ಅತಿಯಾಗಿ ಅಳುತ್ತಾಳೆ, ಕೂಗಾಡುತ್ತಾಳೆ, ಕವಿತೆ ಕಟ್ಟುತ್ತಾಳೆ. ಆಕೆಯ ಮಾತಿಗೆ ನಗು ಬರುತ್ತದೆ, ಆಕೆಯನ್ನು ನೋಡಿ ಬರುವುದಿಲ್ಲ. ಈ ಎರಡರ ನಡುವಿನ ಗೆರೆಯನ್ನು ಕೋನ್ ಮತ್ತು ಅವರ ಜೊತೆ ಚಿತ್ರಕತೆ ಬರೆದ ಕೆಯಿಕೊ ನೊಬುಮೊತೊ ಬಹುಪಾಲು ಕಾಪಾಡಿದ್ದಾರೆ. ನಮ್ಮ ಎಷ್ಟು ಸಿನಿಮಾಗಳಲ್ಲಿ ಇಂಥ ಪಾತ್ರ ಬರೀ ಚಪ್ಪಾಳೆ ತಟ್ಟಿ ನಗಿಸಿ ಹೋಗಿದೆ! ಆದರೆ ಹಾನಾಳಂತೆಯೇ ಗಂಡಾಗಿ ಹುಟ್ಟಿ, ಜೋಗತಿ ನೃತ್ಯವನ್ನೇ ನೆಚ್ಚಿ ಹೆಣ್ಣಾಗಿ ಬದುಕಿದ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರನ್ನು ಕಂಡ ನಾಡಿಗೆ ಹಾನಾ ಅಪರಿಚಿತಳಲ್ಲ.

ಕಾಕತಾಳೀಯಗಳು ಅತಿಯಾದವು ಎಂದು ದೂರುವವರಿದ್ದಾರೆ. ಹೌದು, ಹೆಜ್ಜೆಹೆಜ್ಜೆಗೂ ಬೇಕಾದವರು ಎದುರಾಗುತ್ತಾರೆ, ಸಾವು ಕೂದಲೆಳೆಯಲ್ಲಿ ತಪ್ಪುತ್ತದೆ. ನನಗೆ ಅದು ಕೊರತೆಯೆನಿಸಲಿಲ್ಲ. ವಸುದೇವನಿಗೆ ಸೆರೆಮನೆಯ ಬಾಗಿಲು ತಾನಾಗಿ ತೆರೆಯಿತು, ಯಮುನೆ ದಾರಿ ಬಿಟ್ಟಳು. ಕೂಸಿನ ಕತೆಗೆ ಪವಾಡ ಹಳೆಯ ನೆಂಟ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತ, ಭಾಗವತಗಳು ಒಂದರ ಪಕ್ಕ ಒಂದು ಚಿತ್ರವಾಗಿ ಸಾಗುತ್ತವೆ. ಅಲ್ಲಿ ಕಲ್ಲು ನಿಂತಿರುತ್ತದೆ, ನಾವು ನಡೆಯುತ್ತೇವೆ, ಕತೆ ಚಲಿಸುತ್ತದೆ. ಇಲ್ಲಿ ನಾವು ಕೂತಿರುತ್ತೇವೆ, ಕೈಯಿಂದ ಬರೆದ ಚಿತ್ರಗಳು ನಡೆಯುತ್ತವೆ. ಗಿನ್‌ನ ಕುರುಚಲು ಗಡ್ಡ, ಹಾನಾಳ ದೊಡ್ಡ ದವಡೆ, ಚಳಿಗೆ ಕುಗ್ಗಿದ ಭುಜ: ಒಂದೊಂದನ್ನೂ ಯಾರೋ ಕೂತು ಬರೆದಿದ್ದಾರೆ. ಅಂದಗಾಣಿಸಲು ಸುಲಭವಿದ್ದ ಮುಖಗಳನ್ನು ಹಾಗೇ ಬಿಟ್ಟಿದ್ದಾರೆ. ನಾಲ್ಕೇ ಪೂರ್ಣ ಚಿತ್ರ ಮುಗಿಸಿ 2010ರ ಆಗಸ್ಟ್‌ನಲ್ಲಿ ಕೋನ್ ತೀರಿಕೊಂಡಾಗ ವಯಸ್ಸು ಬರೀ 46.

ಈ ಚಿತ್ರವನ್ನು ನಮ್ಮೂರು ಅರಸೀಕೆರೆಯವರು ನೋಡಬೇಕು ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ, ಮಂಗಳೂರು ಕಡೆಯ ಹಳಿ ಬಂದು ಕೂಡುವ ಜಂಕ್ಷನ್ ನಮ್ಮದು. ಡಿಸೆಂಬರ್ ಚಳಿಯಲ್ಲಿ ಯಾವ ದೊಡ್ಡ ನಿಲ್ದಾಣದಲ್ಲಾದರೂ ಗೋಣಿ ಹೊದ್ದು ಮಲಗಿದವರನ್ನು ದಾಟಿಯೇ ನಾವು ರೈಲು ಹತ್ತುತ್ತೇವೆ. ಮನೆಬಿಟ್ಟ ಮಕ್ಕಳೂ ಮೊದಲು ಬಂದಿಳಿಯುವುದು ಇಂಥಲ್ಲೇ. ಹಾನಾಳ ಹಟ ಎಷ್ಟೇ ಹಿಡಿಸಿದರೂ, ಒಂಟಿ ಮಗು ಕಂಡರೆ ಗಿನ್ ಹೇಳಿದ್ದೇ ಸರಿ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 24 ಗಂಟೆಯೊಳಗೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಲೇಬೇಕು. ಸಹಾಯವಾಣಿಯ ಸಂಖ್ಯೆ 1098; ಯಾವ ಫೋನಿನಿಂದ ಮಾಡಿದರೂ ಕಾಸಿಲ್ಲ. ಸಾಕಲಾಗದ ತಾಯಿ ಕೂಸನ್ನು ಬೇಲಿಯಲ್ಲಿ ಬಿಡಬೇಕಾಗಿಯೂ ಇಲ್ಲ. ಸಮಿತಿಯ ಮುಂದೆ ಒಪ್ಪಿಸಬಹುದು, ಮನಸ್ಸು ಬದಲಾದರೆ ಎರಡು ತಿಂಗಳೊಳಗೆ ಮರಳಿ ಕೇಳಬಹುದು. ಯಾಕೆ ಬಿಟ್ಟೆ ಎಂದು ಬೈಯುವ ಮೊದಲು ಈ ದಾರಿ ಇದೆಯೆಂದು ಅವಳಿಗೆ ಯಾರಾದರೂ ಹೇಳಿದ್ದರೇ ಎಂದು ಕೇಳಿಕೊಳ್ಳಬೇಕಾದವರು ನಾವು.